ಸುದ್ದಿಗೆ ಕೊಟ್ಟ ವಂತಿಗೆ: ಎರಡು ವರ್ಷದ ಲೆಕ್ಕ

ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಕನ್ನಡದ ಒಂದು ಸಣ್ಣ ಸುದ್ದಿವಾಹಿನಿಗೆ ತಿಂಗಳಿಗೆ 200 ರೂಪಾಯಿ ಕೊಡಲು ನಾನು ಒಪ್ಪಿಕೊಂಡೆ. ಅದು ಡಿಶ್ ಆಂಟೆನಾದಲ್ಲಿ ಬರುವ ವಾಹಿನಿಯಲ್ಲ. ಯೂಟ್ಯೂಬಿನಲ್ಲಿ ಪ್ರತಿ ಸಂಜೆ ಅರ್ಧ ಗಂಟೆಯ ವಾರ್ತೆಯನ್ನೂ ವಾರಕ್ಕೊಂದು ದೀರ್ಘ ವರದಿಯನ್ನೂ ಕೊಡುವ, ಸರ್ಕಾರದಿಂದಾಗಲಿ ಕಂಪನಿಗಳಿಂದಾಗಲಿ ಜಾಹೀರಾತು ಪಡೆಯದ, ನೋಡುವವರ ವಂತಿಗೆಯಿಂದಲೇ ನಡೆಯುವ ಬೆರಳೆಣಿಕೆಯ ಜನರ ಸಂಸ್ಥೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಕೊರತೆಗಳನ್ನು ಅವರಿಗೇ ಪತ್ರ ಬರೆದು ತಿಳಿಸಿದ್ದೇನೆ. ಇಲ್ಲಿ ನಾನು ತೂಗಿ ನೋಡಲು ಹೊರಟಿರುವುದು ನೋಡುಗರ ಹಣದಿಂದ ನಡೆಯುವ ಸುದ್ದಿ ಎಂಬ ಸೇವೆಯನ್ನು, ಅದರಲ್ಲೂ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುಳಿತು ಹಣ ಕೊಡುವವನಿಗೆ ಅದರಿಂದ ಏನು ಸಿಗುತ್ತದೆ ಎಂಬುದನ್ನು. ನಡುವೆ ಒಂದು ವರ್ಷ ನ್ಯೂಸ್‌ಲಾಂಡ್ರಿ ಎಂಬ ಅಂತರ್ಜಾಲದ ಸುದ್ದಿಸಂಸ್ಥೆಗೆ ಚಂದಾದಾರನಾಗಿದ್ದೆ. ಅಮೆರಿಕದ ಡೆಮಾಕ್ರಸಿ ನೌ ಎಂಬ ಸುದ್ದಿ ಕಾರ್ಯಕ್ರಮವನ್ನು ಹಣ ಕೊಡದೆಯೇ ನೋಡುತ್ತ ಬಂದಿದ್ದೇನೆ. ಹೋಲಿಕೆಗೆ ಅವೆರಡೂ ಬರುತ್ತವೆ.

ನಾನು ಪತ್ರಕರ್ತನಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ 31 ವರ್ಷ ಲೆಕ್ಕ ಬರೆದು ಕಾರ್ಯದರ್ಶಿಯಾಗಿ ನಿವೃತ್ತನಾದವನು, ಈಗ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಜಮಾ ಖರ್ಚಿನ ಕಡೆಗೆ. ಹತ್ತು ಜನರಿಂದ ಹಣ ಎತ್ತಿದವರು ಆ ಹತ್ತು ಜನರ ಮುಂದೆ ಲೆಕ್ಕ ಒಪ್ಪಿಸಬೇಕು ಎಂಬುದು ಊರ ದೇವಸ್ಥಾನದ ಜಾತ್ರೆಗೂ ಅನ್ವಯಿಸುವ ಮಾತು, ಸುದ್ದಿವಾಹಿನಿಗೂ ಅನ್ವಯಿಸುವ ಮಾತು.

ಹಣ ಕೊಡಲು ಕಾರಣವಾದದ್ದು ನನ್ನ ಡಿಶ್ ಬಿಲ್ಲು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊಸ ದರ ಪದ್ಧತಿ ತಂದಾಗ ಮೊದಲ 100 ವಾಹಿನಿಗಳಿಗೆ ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ ಸುಮಾರು 153 ರೂಪಾಯಿ ಎಂದು ಗೊತ್ತುಪಡಿಸಿತು. ಅದು ಸಂಕೇತವನ್ನು ನಮ್ಮ ಮನೆಗೆ ತಲುಪಿಸುವವರಿಗೆ ಸಲ್ಲುವ ಹಣ. ಅದರಿಂದ ವರದಿಗಾರನ ಸಂಬಳ ಹುಟ್ಟುವುದಿಲ್ಲ. ನಾವು ನೋಡುವ ಸುದ್ದಿವಾಹಿನಿಗಳಲ್ಲಿ ಹೆಚ್ಚಿನವು ನೋಡುಗನಿಂದ ಏನನ್ನೂ ಕೇಳುವುದಿಲ್ಲ, ಕೇಳಿದರೂ ಅದು ಚಿಲ್ಲರೆ ಹಣ. ಅವುಗಳ ಹೊಟ್ಟೆ ತುಂಬಬೇಕಾದದ್ದು ಜಾಹೀರಾತಿನಿಂದ, ಜಾಹೀರಾತಿನ ದರ ನಿಲ್ಲುವುದು ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂದು ಹೇಳುವ ಟಿಆರ್‌ಪಿ ಮೇಲೆ. ಟಿಆರ್‌ಪಿಯನ್ನು ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಮೀಟರುಗಳು 2020ರಲ್ಲಿ ಇಡೀ ದೇಶದಲ್ಲಿ ಇದ್ದದ್ದು ಸುಮಾರು 44,000 ಮನೆಗಳಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಅಂಕಿಗಳನ್ನು ತಿದ್ದಲಾಗುತ್ತಿದೆ ಎಂಬ ಆರೋಪ ಎದ್ದಾಗ ಸುದ್ದಿವಾಹಿನಿಗಳ ವಾರದ ಅಂಕಿಗಳನ್ನೇ ನಿಲ್ಲಿಸಲಾಯಿತು. ಅವು ಮತ್ತೆ ಹೊರಬಂದದ್ದು 2022ರ ಮಾರ್ಚಿನಲ್ಲಿ. ನಮ್ಮ ಊರಿನ ಮನೆಗಳು ಆ ಲೆಕ್ಕದಲ್ಲೂ ಇಲ್ಲ, ಆ ಜಾಹೀರಾತಿನ ಸರಕು ಕೊಳ್ಳುವವರಲ್ಲೂ ಇಲ್ಲ. ನಾನು ಟಿವಿಯ ಮುಂದೆ ಕುಳಿತರೂ ಎದ್ದು ಹೋದರೂ ಯಾವ ಸುದ್ದಿಮನೆಗೂ ವ್ಯತ್ಯಾಸವಾಗುವುದಿಲ್ಲ ಎಂಬುದು ಮನಸ್ಸಿಗೆ ಬಂದ ಮೇಲೆ, ವ್ಯತ್ಯಾಸವಾಗುವ ಕಡೆಗೆ ಹಣ ಕೊಟ್ಟು ನೋಡೋಣ ಎನ್ನಿಸಿತು.

ಕೊಟ್ಟ ಹಣಕ್ಕೆ ಬಂದ ಮೊದಲ ಬೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದರಿಂದ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ದರಕು ಗುಡಿಸಲು, ಸೌದೆ ತರಲು, ತೋಟಕ್ಕೆ ಸೊಪ್ಪು ಹೊರಲು ಜನ ಕಾಡಿಗೆ ಹೋಗುವ ಕಾಲದಲ್ಲೇ ಈ ಜ್ವರವನ್ನು ಹರಡುವ ಉಣುಗುಗಳ ಕಾಟವೂ ಹೆಚ್ಚು. ಸಾವು ಸಂಭವಿಸಿದಾಗ ಕ್ಯಾಮೆರಾಗಳು ಬರುತ್ತವೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರವರೆಗೆ ಜ್ವರ ಹಬ್ಬಿ ಜನ ಸತ್ತಾಗ ಎಲ್ಲ ವಾಹಿನಿಗಳೂ ಬಂದವು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಜ್ವರ ನಿಲ್ಲುತ್ತದೆ, ಸುದ್ದಿಯೂ ನಿಲ್ಲುತ್ತದೆ. ಆದರೆ ಮುಂದಿನ ಬೇಸಿಗೆಗೆ ಬೇಕಾದ ತಯಾರಿ ನಡೆಯಬೇಕಾದದ್ದು ಆ ಮಳೆಗಾಲದಲ್ಲೇ.

ನಾನು ವಂತಿಗೆ ಕೊಡತೊಡಗಿದ ಮೊದಲ ವರ್ಷ ಈ ವಾಹಿನಿಯ ಇಬ್ಬರು ಜುಲೈ ತಿಂಗಳಲ್ಲಿ ಶರಾವತಿ ಕಣಿವೆಯ ಊರುಗಳಿಗೆ ಬಂದರು. ಯಾರಿಗೂ ಜ್ವರವಿಲ್ಲದ, ತೋರಿಸಲು ಅಳುವ ಮುಖವಿಲ್ಲದ ಕಾಲ. ಅವರು ಕೇಳಿದ್ದು, ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತ ಮೇಲೆ ಅದರ ಜಾಗದಲ್ಲಿ ಜನರ ಕೈಯಲ್ಲಿ ಏನಿದೆ ಎಂಬುದನ್ನು; ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಯಾವ ತಿಂಗಳಲ್ಲಿ ಮನೆಗೆ ತಲುಪುತ್ತದೆ ಎಂಬುದನ್ನು; ಸತ್ತ ಮಂಗ ಕಂಡಾಗ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಎಷ್ಟು ದಿನಕ್ಕೆ ಯಾರು ಬರುತ್ತಾರೆ ಎಂಬುದನ್ನು. ಆಶಾ ಕಾರ್ಯಕರ್ತೆಯೊಬ್ಬರು ತಾನು ಮನೆಮನೆಗೆ ಹೋಗುವ ದಾರಿಯನ್ನು ನಡೆದೇ ತೋರಿಸಿದರು, ಕ್ಯಾಮೆರಾ ಅವರ ಹಿಂದೆ ಮಳೆಯಲ್ಲಿ ನಡೆಯಿತು. ಆ ವರದಿ 42 ನಿಮಿಷ ಇತ್ತು. ನನ್ನ ಜೀವಮಾನದಲ್ಲಿ ಮಲೆನಾಡಿನ ಒಂದು ವಿಷಯಕ್ಕೆ ಇಷ್ಟು ಹೊತ್ತನ್ನು ಯಾವ ದೂರದರ್ಶನವಾಗಲಿ ಖಾಸಗಿ ವಾಹಿನಿಯಾಗಲಿ ಕೊಟ್ಟದ್ದನ್ನು ನಾನು ನೋಡಿಲ್ಲ. ಜಾಹೀರಾತಿನ ಲೆಕ್ಕದಲ್ಲಿ ಜುಲೈ ತಿಂಗಳ ಮಂಗನ ಕಾಯಿಲೆಗೆ ಬೆಲೆಯೇ ಇಲ್ಲ. ನೋಡುಗರ ಹಣದ ಲೆಕ್ಕದಲ್ಲಿ ಬೆಲೆ ಇರಲು ಸಾಧ್ಯ ಎಂಬುದಕ್ಕೆ ಆ ವರದಿ ನನಗೆ ಸಾಕ್ಷಿಯಾಯಿತು.

ವಂತಿಗೆಗೂ ಟಿಕೆಟ್ಟಿಗೂ ಇರುವ ವ್ಯತ್ಯಾಸವನ್ನು ನಮ್ಮ ಕಡೆಯವರಿಗೆ ಯಕ್ಷಗಾನದ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಟೆಂಟಿನ ಆಟಕ್ಕೆ ಟಿಕೆಟ್ ಕೊಂಡವನಿಗೆ ಮಾತ್ರ ಒಳಗೆ ಪ್ರವೇಶ. ಹರಕೆಯ ಬಯಲಾಟಕ್ಕೆ ಯಾರೋ ಹಣ ಕೊಟ್ಟಿರುತ್ತಾರೆ, ಗದ್ದೆಯಲ್ಲಿ ಚಾಪೆ ಹಾಸಿ ಕುಳಿತ ಊರೆಲ್ಲ ನೋಡುತ್ತದೆ. ಸುದ್ದಿಯಲ್ಲೂ ಈ ಎರಡು ದಾರಿಗಳಿವೆ. ಹಣ ಕೊಟ್ಟವನಿಗೆ ಮಾತ್ರ ಬಾಗಿಲು ತೆರೆಯುವುದು ಒಂದು. ಕೊಟ್ಟವರ ಹಣದಿಂದ ಸುದ್ದಿ ಮಾಡಿ ಎಲ್ಲರಿಗೂ ಬಿಟ್ಟುಕೊಡುವುದು ಇನ್ನೊಂದು. ನಾನು ಹಣ ಕೊಡುವ ವಾಹಿನಿ ಎರಡನೆಯ ದಾರಿಯದು. ನನ್ನ 200 ರೂಪಾಯಿಯಿಂದ ನನಗೆ ವಿಶೇಷವಾಗಿ ಸಿಗುವುದು ತಿಂಗಳಿಗೊಂದು ಪತ್ರ ಮತ್ತು ವರ್ಷಕ್ಕೊಂದು ಸಭೆ ಮಾತ್ರ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹುಡುಗ ತನ್ನ ಫೋನಿನಲ್ಲಿ ಅದೇ ವರದಿಯನ್ನು ಒಂದು ಪೈಸೆ ಕೊಡದೆ ನೋಡುತ್ತಾನೆ. ಹೀಗಾಗಬೇಕೆಂದೇ ನಾನು ಕೊಡುತ್ತಿರುವುದು. ಮಂಗನ ಕಾಯಿಲೆಯ ವರದಿಯನ್ನು ಬೀಗ ಹಾಕಿ ಇಟ್ಟರೆ ಕಾಡಿಗೆ ಹೋಗುವವನಿಗೆ ಅದರಿಂದ ಏನು ಪ್ರಯೋಜನ?

ಡೆಮಾಕ್ರಸಿ ನೌ ಈ ಬಗೆಯ ಬಯಲಾಟವನ್ನು ಬಹಳ ಕಾಲದಿಂದ ಆಡುತ್ತ ಬಂದಿರುವ ಸಂಸ್ಥೆ. 1996ರಲ್ಲಿ ಪೆಸಿಫಿಕಾ ರೇಡಿಯೊ ಜಾಲದಲ್ಲಿ ಆರಂಭವಾಗಿ 2001ರಿಂದ ದೂರದರ್ಶನದಲ್ಲೂ ಬರುತ್ತಿದೆ. ಏಮಿ ಗುಡ್‌ಮನ್ ಅವರು ವಾರದ ಐದು ದಿನವೂ ಒಂದು ಗಂಟೆ ನಡೆಸುವ ಈ ಕಾರ್ಯಕ್ರಮ ಜಾಹೀರಾತನ್ನಾಗಲಿ ಸರ್ಕಾರದ ಹಣವನ್ನಾಗಲಿ ಪಡೆಯುವುದಿಲ್ಲ. ಅದಕ್ಕೂ ಹಿಂದಕ್ಕೆ ಹೋದರೆ, ಪೆಸಿಫಿಕಾದ ಮೊದಲ ಕೇಂದ್ರವಾದ ಬರ್ಕ್ಲಿಯ ಕೆಪಿಎಫ್‌ಎ 1949ರಲ್ಲೇ ಕೇಳುಗರ ಹಣದಿಂದ ರೇಡಿಯೊ ನಡೆಸಬಹುದೆಂದು ತೋರಿಸಿತ್ತು. ಎಪ್ಪತ್ತೈದು ವರ್ಷ ದಾಟಿದ ಪದ್ಧತಿ ಅದು. ನಮಗೆ ಅದು ಹೊಸದಾಗಿ ಕಾಣುವುದಕ್ಕೆ ಕಾರಣ ನಮ್ಮ ರೂಢಿ ಬೇರೆಯಾಗಿದ್ದದ್ದು. ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ಕಾಲದಲ್ಲಿ ನಮ್ಮ ತಂದೆಯವರೂ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. ಅದು ಕಡ್ಡಾಯದ ಶುಲ್ಕ, ಸರ್ಕಾರದ ಖಜಾನೆಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಅದೂ ರದ್ದಾಯಿತು. ಮನಸ್ಸಿದ್ದವರು ಕೊಟ್ಟು ಎಲ್ಲರೂ ಕೇಳುವ ವಾರ್ತೆ ನಮ್ಮಲ್ಲಿ ನೆಲೆ ಊರಿದ್ದೇ ಇಲ್ಲ.

ನ್ಯೂಸ್‌ಲಾಂಡ್ರಿ 2012ರಲ್ಲಿ ಹುಟ್ಟಿದ್ದು, ಸುದ್ದಿ ಸ್ವತಂತ್ರವಾಗಿರಬೇಕಾದರೆ ಹಣ ಕೊಡಿ ಎಂಬುದೇ ಅದರ ಘೋಷಣೆ. ಅಲ್ಲಿ ಎರಡು ದಾರಿಗಳೂ ಬೆರೆತಿವೆ. ಚರ್ಚೆಗಳಲ್ಲಿ ಕೆಲವು ಚಂದಾದಾರರಿಗೆ ಮಾತ್ರ, ಟಿವಿ ಸುದ್ದಿಯನ್ನೇ ಪರಿಶೀಲಿಸುವ ಕಾರ್ಯಕ್ರಮ ಎಲ್ಲರಿಗೂ. ನನಗೆ ಬಹಳ ಮೆಚ್ಚುಗೆಯಾದದ್ದು ಎನ್‌ಎಲ್ ಸೇನಾ ಎಂಬ ವ್ಯವಸ್ಥೆ: ಇಂತಹ ವರದಿಗೆ ಇಷ್ಟು ಹಣ ಬೇಕು ಎಂದು ಮೊದಲೇ ಹೇಳುತ್ತಾರೆ, ಆ ವರದಿ ಬೇಕೆನ್ನುವವರು ಅದಕ್ಕೆಂದೇ ಕೊಡುತ್ತಾರೆ, ವರದಿಯಾದಾಗ ಕೊಟ್ಟವರ ಹೆಸರು ಕೂಡ ಕಾಣುತ್ತದೆ. ಬೆಂಗಳೂರಿನಿಂದ ನಡೆಯುವ ದಿ ನ್ಯೂಸ್ ಮಿನಿಟ್ ಜೊತೆ ಅವರು ಸೇರಿ ಮಾಡಿದ ಚುನಾವಣಾ ಬಾಂಡ್ ವರದಿಗಳಿಂದ ನಾನು ಕಲಿತದ್ದು ಬಹಳ. ಅವರು ಕೆಲಸ ಮಾಡುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಂದು ವರ್ಷದ ನಂತರ ಚಂದಾ ನವೀಕರಿಸದೆ ಆ ಹಣವನ್ನು ಕನ್ನಡಕ್ಕೆ ಸೇರಿಸಿದ್ದಕ್ಕೆ ಅದೊಂದೇ ಕಾರಣ. ಇಂಗ್ಲಿಷ್ ಬಲ್ಲವರು ಅದಕ್ಕೆ ಕೊಡುವ ಹಣ ವ್ಯರ್ಥವಾಗುವುದಿಲ್ಲ.

ಇನ್ನು ಹಣ ಕೊಡುವ ಬಗೆ. ಈ ವಿಷಯದಲ್ಲಿ ನಾನು ತಿಳಿಯದೆ ಎರಡು ತಪ್ಪು ಮಾಡಿದೆ, ಓದುವವರಿಗೆ ಅವು ಉಪಯೋಗಕ್ಕೆ ಬಂದಾವು. ಮೊದಲ ತಿಂಗಳು ನಾನು ಹಣ ಕೊಟ್ಟದ್ದು ಯೂಟ್ಯೂಬಿನಲ್ಲೇ ಇರುವ ಸದಸ್ಯತ್ವದ ಗುಂಡಿಯನ್ನು ಒತ್ತಿ. ಹಾಗೆ ಕೊಟ್ಟ ಪ್ರತಿ 100 ರೂಪಾಯಿಯಲ್ಲಿ 30 ರೂಪಾಯಿಯನ್ನು ಯೂಟ್ಯೂಬ್ ಇಟ್ಟುಕೊಳ್ಳುತ್ತದೆ. ಅದೇ ಹಣವನ್ನು ಯುಪಿಐ ಮೂಲಕ ನೇರವಾಗಿ ಸಂಸ್ಥೆಯ ಖಾತೆಗೆ ಕಳಿಸಿದರೆ ನಡುವೆ ಕಡಿತವಾಗುವುದಿಲ್ಲ. ಆಮೇಲೆ ನಾನು ಡೆಬಿಟ್ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹೋಗುವ ವ್ಯವಸ್ಥೆ ಮಾಡಿಕೊಂಡೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿದ್ದು, ಇಂತಹ ಕಂತಿಗೆ ಮೊದಲು ಗ್ರಾಹಕನ ಒಪ್ಪಿಗೆ ದಾಖಲಾಗಬೇಕು, ಪ್ರತಿ ಸಲ ಹಣ ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರಬೇಕು. ನೋಡುಗನ ಹಿತಕ್ಕಾಗಿ ಇರುವ ಒಳ್ಳೆಯ ನಿಯಮ. ಆದರೆ ಬ್ಯಾಂಕು ಹೊಸ ಕಾರ್ಡ್ ಕೊಟ್ಟ ದಿನ ಹಳೆಯ ಒಪ್ಪಿಗೆ ಸತ್ತುಹೋಗಿತ್ತು. ನಾಲ್ಕು ತಿಂಗಳು ನನ್ನ ವಂತಿಗೆ ಹೋಗಲೇ ಇಲ್ಲ. ಬ್ಯಾಂಕೂ ಹೇಳಲಿಲ್ಲ, ವಾಹಿನಿಯೂ ಕೇಳಲಿಲ್ಲ. ಹೀಗೆ 28 ತಿಂಗಳಲ್ಲಿ ನಾನು ಕೊಟ್ಟದ್ದು 24 ಕಂತು, 4,800 ರೂಪಾಯಿ.

ಇದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನ ಕಂತು ಎರಡು ತಿಂಗಳು ತಪ್ಪಿದರೆ ನಾವು ಮನೆಗೇ ಹೋಗಿ ವಿಚಾರಿಸುತ್ತಿದ್ದೆವು, ಏಕೆಂದರೆ ಬಿಟ್ಟುಹೋದವನಿಗೂ ಮರೆತುಹೋದವನಿಗೂ ಇರುವ ವ್ಯತ್ಯಾಸವನ್ನು ಕೇಳದೆ ತಿಳಿಯಲಾಗದು. ವಾಹಿನಿಗೆ ಬರೆದಾಗ, ಹೀಗೆ ತಾವೇ ತಿಳಿಯದಂತೆ ಕಳಚಿಕೊಂಡವರು ಬಹಳ ಮಂದಿ ಇದ್ದಾರೆಂದೂ ಅವರನ್ನು ಒಬ್ಬೊಬ್ಬರಾಗಿ ಸಂಪರ್ಕಿಸಲು ಆಳಿಲ್ಲವೆಂದೂ ಉತ್ತರ ಬಂತು. ವರದಿಗಾರರನ್ನು ಮಾತ್ರ ನೇಮಿಸಿಕೊಂಡು ವಂತಿಗೆ ನೋಡಿಕೊಳ್ಳುವ ಗುಮಾಸ್ತರನ್ನು ನೇಮಿಸಿಕೊಳ್ಳದ ಸಂಸ್ಥೆಗೆ ವರದಿಗಾರರ ಸಂಬಳವೂ ಕಷ್ಟವಾಗುತ್ತದೆ. ನಾನು ಈಗ ಯುಪಿಐ ಆಟೊಪೇಗೆ ಬದಲಾಯಿಸಿಕೊಂಡಿದ್ದೇನೆ. ಕಾರ್ಡಿನ ಅವಧಿ ಮುಗಿಯುವ ಗೋಳು ಅದರಲ್ಲಿಲ್ಲ.

ವಿದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಒಂದು ಮಾತು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಸುದ್ದಿಯನ್ನು ಧ್ವನಿ ಅಥವಾ ದೃಶ್ಯ ರೂಪದಲ್ಲಿ ತಯಾರಿಸುವ ಸಂಸ್ಥೆಗಳು ವಿದೇಶಿ ದೇಣಿಗೆಯನ್ನು ಪಡೆಯುವಂತಿಲ್ಲ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರರಾದವರು ಕೊಡುವುದು ವಿದೇಶಿ ದೇಣಿಗೆಯಾಗುತ್ತದೆ. ನನ್ನ ತಮ್ಮನ ಮಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವುದರಿಂದ ಕೊಡುತ್ತಾನೆ. ಅವನ ಅಕ್ಕ ಅಮೆರಿಕದ ಪೌರಳಾದ್ದರಿಂದ ಮನಸ್ಸಿದ್ದರೂ ಕೊಡಲಾಗಲಿಲ್ಲ, ಅವಳ ಅರ್ಜಿಯನ್ನು ವಾಹಿನಿಯವರೇ ಕಾರಣ ಹೇಳಿ ಹಿಂದಿರುಗಿಸಿದರು. ಆ ಎಚ್ಚರ ನನಗೆ ಹಿಡಿಸಿತು.

ಇಂತಹ ಸುದ್ದಿ ಏಕೆ ಫೋನಿನಲ್ಲೇ ಇದೆ, ಟಿವಿ ಪೆಟ್ಟಿಗೆಯಲ್ಲಿ ಏಕೆ ಇಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಉಪಗ್ರಹದ ಮೂಲಕ ಸುದ್ದಿವಾಹಿನಿ ನಡೆಸಲು ಅನುಮತಿ ಬೇಕಾದರೆ ಆ ಕಂಪನಿಯ ನಿವ್ವಳ ಆಸ್ತಿಯೇ 20 ಕೋಟಿ ರೂಪಾಯಿ ಇರಬೇಕು. ಅದರ ಮೇಲೆ ಕೇಬಲ್ ಮತ್ತು ಡಿಶ್ ಕಂಪನಿಗಳ ಪಟ್ಟಿಯಲ್ಲಿ ಜಾಗ ಹಿಡಿಯಲು ಕೊಡಬೇಕಾದ ಹಣ ಬೇರೆ. ತಿಂಗಳಿಗೆ 200 ರೂಪಾಯಿಯ ವಂತಿಗೆಗಳಿಂದ ಆ ಮೆಟ್ಟಿಲು ಹತ್ತಲಾಗದು. ಆದ್ದರಿಂದ ನಮ್ಮ ದೇಶದಲ್ಲಿ ನೋಡುಗರ ಹಣದ ದೂರದರ್ಶನ ಎಂದರೆ ಸದ್ಯಕ್ಕೆ ಅಂತರ್ಜಾಲದ ದೂರದರ್ಶನವೇ. ಮಲೆನಾಡಿನಲ್ಲಿ ಇದರ ಕಷ್ಟ ಗೊತ್ತಿರುವುದೇ. ಜೂನ್ ಹಿಡಿದ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ, ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಇಲ್ಲ. ಕಳೆದ ವರ್ಷದಿಂದ ಈ ವಾಹಿನಿಯವರು ಸಂಜೆಯ ವಾರ್ತೆಯನ್ನು ಧ್ವನಿ ಮಾತ್ರವಾಗಿಯೂ ಕೊಡುತ್ತಿದ್ದಾರೆ. ಪೇಟೆಗೆ ಹೋದಾಗ ಇಳಿಸಿಕೊಂಡು ಮನೆಯಲ್ಲಿ ಕೇಳುತ್ತೇನೆ. ನೋಡುಗರ ಸಭೆಯಲ್ಲಿ ಹೊಸನಗರದ ಕಡೆಯ ಒಬ್ಬರು ಕೇಳಿಕೊಂಡದ್ದರಿಂದ ಆರಂಭವಾದ ಸೌಕರ್ಯ ಅದು.

ಈಗ ನನ್ನನ್ನೇ ಪರೀಕ್ಷೆಗೆ ಒಡ್ಡಿದ ಪ್ರಸಂಗಕ್ಕೆ ಬರುತ್ತೇನೆ. ಕಳೆದ ಮಾಗಿಯಲ್ಲಿ, ಸುಲಿದ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದ ದಿನಗಳಲ್ಲಿ, ಈ ವಾಹಿನಿ ಅಡಿಕೆ ಮತ್ತು ಬಾಯಿ ಕ್ಯಾನ್ಸರ್ ಕುರಿತು ಒಂದು ದೀರ್ಘ ವರದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ತಂಬಾಕಿಲ್ಲದೆಯೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಬೆಳೆಗಾರರ ಮಾತನ್ನೂ ಕೇಳಿಸಿತು: ಕೊಳೆರೋಗ, ಎಲೆಚುಕ್ಕಿ ರೋಗ, ಇಳಿಯುವ ಏರುವ ಧಾರಣೆ, ಬೇರೆ ಬೆಳೆ ಒಗ್ಗದ ಈ ಇಳಿಜಾರಿನ ನೆಲ. ಆದರೂ ಆ ರಾತ್ರಿ ನನಗೆ ಸಿಟ್ಟು ಬಂತು. ನನ್ನ ಹಣದಿಂದ ನನ್ನ ಬೆಳೆಯ ಮೇಲೆಯೇ ಮಾತಾಡುತ್ತಾರೆ ಎನ್ನಿಸಿತು. ವಂತಿಗೆ ರದ್ದುಪಡಿಸುವ ಪುಟವನ್ನು ತೆರೆದೂ ಆಗಿತ್ತು. ನಮ್ಮ ಕಡೆಯ ಹಲವರು ರದ್ದು ಮಾಡಿಯೂ ಬಿಟ್ಟರು, ಫೋನಿನ ಗುಂಪುಗಳಲ್ಲಿ ಎಲ್ಲರೂ ಬಿಡಿ ಎಂಬ ಕರೆಯೂ ಹರಿದಾಡಿತು.

ಮರುದಿನದ ವಾರ್ತೆಯ ಕೊನೆಯಲ್ಲಿ ನಿರೂಪಕಿ ಎರಡು ನಿಮಿಷ ತೆಗೆದುಕೊಂಡರು. ವರದಿಯ ಕಾರಣಕ್ಕೆ ಒಂದೇ ದಿನದಲ್ಲಿ ಹಲವು ಸದಸ್ಯರು ಬಿಟ್ಟಿದ್ದಾರೆ ಎಂದು ಹೇಳಿದರು. ವರದಿಯಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇವೆ. ತಪ್ಪಿಲ್ಲದಿದ್ದರೆ ತೆಗೆಯುವುದಿಲ್ಲ ಎಂದರು. ಸಂಸ್ಕರಣೆಯ ವಿಷಯದಲ್ಲಿ ಒಂದು ವಾಕ್ಯ ತಪ್ಪಾಗಿತ್ತು. ಬೇಯಿಸಿ ಚೊಗರು ಹಾಕಿದ ಕೆಂಪಡಿಕೆಗೂ ಹಣ್ಣಡಿಕೆಯನ್ನು ಒಣಗಿಸಿದ ಚಾಲಿಗೂ ಅವರು ವ್ಯತ್ಯಾಸ ಮಾಡಿರಲಿಲ್ಲ. ನಾನು ಬರೆದೆ, ಎರಡು ದಿನದಲ್ಲಿ ವಿಡಿಯೊದ ಕೆಳಗಿನ ವಿವರಣೆಯಲ್ಲಿ ತಿದ್ದುಪಡಿ ಬಂತು. ವಂತಿಗೆ ರದ್ದುಪಡಿಸುವ ಪುಟವನ್ನು ಮುಚ್ಚಿದೆ. ಜಾಹೀರಾತುದಾರನ ಮುನಿಸಿಗೆ ಹೆದರುವ ಸುದ್ದಿಮನೆ ಬೇಡವೆಂದು ಹೊರಟ ನಾನು, ವಂತಿಗೆದಾರನ ಮುನಿಸಿಗೆ ಹೆದರುವ ಸುದ್ದಿಮನೆಯನ್ನು ಕೇಳಲು ಹೊರಟಿದ್ದೆ ಎಂಬುದು ನನಗೆ ಆ ವಾರ ಸ್ಪಷ್ಟವಾಯಿತು. ಇಂತಹ ಸೇವೆಯನ್ನು ಆರಿಸುವವರು ಅದು ತನ್ನ ಸದಸ್ಯರಿಗೆ ಒಪ್ಪಿಗೆಯಾಗದ ಒಂದು ವರದಿಯನ್ನಾದರೂ ಮಾಡಿದೆಯೇ, ಮಾಡಿ ಉಳಿಸಿಕೊಂಡಿದೆಯೇ ಎಂದು ಹುಡುಕಿ ನೋಡಬೇಕು.

ಲೆಕ್ಕದ ವಿಷಯದಲ್ಲಿ ನನ್ನ ತೃಪ್ತಿ ಅರ್ಧದ್ದು. ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ಪ್ರಕಟಿಸುತ್ತೇವೆ ಎಂದು ಹೇಳಿದ್ದವರು ಮೊದಲ ವರ್ಷ ಎರಡು ಸಲ ಪ್ರಕಟಿಸಿದರು, ಎರಡನೆಯ ವರ್ಷ ನಾನು ಪತ್ರ ಬರೆಯುವವರೆಗೂ ಪ್ರಕಟಿಸಲಿಲ್ಲ. ಬಂದ ಪಟ್ಟಿಯಲ್ಲಿ ಸಂಬಳ, ಪ್ರಯಾಣ, ಕ್ಯಾಮೆರಾ ಬಾಡಿಗೆ ಎಲ್ಲವೂ ಬೇರೆ ಬೇರೆಯಾಗಿ ಇತ್ತು, ಅದು ಚೆನ್ನಾಗಿತ್ತು. ಇಲ್ಲದಿದ್ದದ್ದು ಒಂದು ಸಾಲು: ದೊಡ್ಡ ಮೊತ್ತ ಕೊಟ್ಟವರು ಎಷ್ಟು ಜನ, ಒಟ್ಟು ಹಣದಲ್ಲಿ ಅವರ ಪಾಲೆಷ್ಟು. ಸಾವಿರ ಜನ 200 ರೂಪಾಯಿ ಕೊಟ್ಟು ಒಬ್ಬರು 20 ಲಕ್ಷ ಕೊಟ್ಟರೆ ಅದು ನೋಡುಗರ ವಾಹಿನಿ ಎನ್ನಿಸಿಕೊಳ್ಳುವುದು ಕಷ್ಟ. ದೊಡ್ಡ ದಾನಿಗಳಿಂದ ಹಣ ಪಡೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪಡೆದದ್ದನ್ನು ಹೇಳಬೇಕು. ಸಹಕಾರ ಸಂಘದಲ್ಲಿ ಹತ್ತು ಷೇರು ಇದ್ದವನಿಗೂ ಸಾವಿರ ಷೇರು ಇದ್ದವನಿಗೂ ಒಂದೇ ಮತ, ಸೆಪ್ಟೆಂಬರಿನೊಳಗೆ ಮಹಾಸಭೆ, ಲೆಕ್ಕಪರಿಶೋಧನೆಯ ವರದಿ ಎಲ್ಲರ ಮುಂದೆ. ವಂತಿಗೆ ಕೊಡುವ ನಮಗೆ ಇಲ್ಲಿ ಮತವಿಲ್ಲ. ಆದ್ದರಿಂದ ಲೆಕ್ಕವಾದರೂ ಪೂರ್ತಿಯಾಗಿ ಬರಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆಗೆ ವಾಹಿನಿಯವರೊಬ್ಬರೇ ಕಾರಣರಲ್ಲ. ಎರಡನೆಯ ವರ್ಷ ಮಲೆನಾಡಿನಿಂದ ಬಂದ ದೀರ್ಘ ವರದಿ ಆ ಅಡಿಕೆಯದು ಬಿಟ್ಟರೆ ಇನ್ನೊಂದಿಲ್ಲ. ಶರಾವತಿ ಭೂಗತ ವಿದ್ಯುತ್ ಯೋಜನೆ 2,000 ಮೆಗಾವಾಟಿನದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸಿಂಗಳೀಕಗಳ ಅಭಯಾರಣ್ಯದ ನೆಲದಲ್ಲಿ ಬರಬೇಕಾದದ್ದು. ಅದರ ಬಗ್ಗೆ ಸಂಜೆಯ ವಾರ್ತೆಯಲ್ಲಿ ನಾಲ್ಕೈದು ನಿಮಿಷ ಬಂದದ್ದು ಬಿಟ್ಟರೆ ಯಾರೂ ಕಣಿವೆಗೆ ಇಳಿದು ಒಂದು ವಾರ ಇರಲಿಲ್ಲ. ಲಿಂಗನಮಕ್ಕಿ ಜಲಾಶಯದಲ್ಲಿ ಊರು ಮುಳುಗಿ ನೆಲೆ ಕಳೆದುಕೊಂಡವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವಾಗ ಅದೇ ನದಿಯಲ್ಲಿ ಇನ್ನೊಂದು ಯೋಜನೆ ಬರುತ್ತಿದೆ, ಅದಕ್ಕೆ 42 ನಿಮಿಷ ಸಲ್ಲಬೇಕಿತ್ತು. ಸಭೆಯಲ್ಲಿ ಕೇಳಿದೆ. ಸದಸ್ಯರಲ್ಲಿ ಹೆಚ್ಚಿನವರು ಬೆಂಗಳೂರಿನವರೆಂದೂ ಅವರು ಕೇಳುವುದು ರಾಜಧಾನಿಯ ರಾಜಕೀಯ, ರಸ್ತೆ, ನೀರು ಎಂದೂ ಸಂಪಾದಕರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ವಂತಿಗೆ ಎಲ್ಲಿಂದ ಬರುತ್ತದೋ ಕ್ಯಾಮೆರಾ ಅತ್ತಲೇ ವಾಲುತ್ತದೆ.

ಅಮೆರಿಕದ ಸಾರ್ವಜನಿಕ ಪ್ರಸಾರದ ಕಥೆ ಇಲ್ಲಿ ನೆನಪಾಗುತ್ತದೆ. ಪಿಬಿಎಸ್ ಜಾಲದ ಕೇಂದ್ರಗಳು ನೋಡುಗರ ದೇಣಿಗೆಯ ಜೊತೆಗೆ, 1967ರ ಕಾಯ್ದೆಯಿಂದ ಹುಟ್ಟಿದ ಒಂದು ಸಾರ್ವಜನಿಕ ನಿಗಮದ ಮೂಲಕ ಸರ್ಕಾರದ ಅನುದಾನವನ್ನೂ ಪಡೆಯುತ್ತಿದ್ದವು. 2025ರ ಜುಲೈಯಲ್ಲಿ ಅಲ್ಲಿನ ಸಂಸತ್ತು ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂದಕ್ಕೆ ಪಡೆದಾಗ ಹೆಚ್ಚು ಪೆಟ್ಟು ಬಿದ್ದದ್ದು ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ. ದೊಡ್ಡ ನಗರದ ಕೇಂದ್ರಕ್ಕೆ ದೇಣಿಗೆ ಕೊಡುವವರು ಬೇಕಾದಷ್ಟು. ಜನವೇ ವಿರಳವಾದ ಕಡೆ ದೇಣಿಗೆಯೂ ವಿರಳ. ನೋಡುಗರ ಹಣವೊಂದನ್ನೇ ನಂಬಿದರೆ ನೋಡುಗರು ಕಡಿಮೆ ಇರುವ ಊರಿನ ಸುದ್ದಿ ಯಾರದು? ಸರ್ಕಾರದ ಹಣ ಬೇಡವೆನ್ನುವ ನಮ್ಮ ವಾಹಿನಿ ಇದಕ್ಕೆ ತನ್ನೊಳಗೇ ಉತ್ತರ ಹುಡುಕಬೇಕು. ನಾಟಿಯ ಕಾಲದಲ್ಲಿ ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು, ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಬೆಂಗಳೂರಿನ ಸದಸ್ಯರ ವಂತಿಗೆಯಲ್ಲಿ ಗೊತ್ತಾದ ಒಂದು ಪಾಲನ್ನು ಸದಸ್ಯರು ಕಡಿಮೆ ಇರುವ ಜಿಲ್ಲೆಗಳ ವರದಿಗೆಂದು ಎತ್ತಿಡಬೇಕೆಂದು ನಾನು ಬರೆದಿದ್ದೇನೆ. ನಾವೂ ಸುಮ್ಮನೆ ಕೇಳುತ್ತ ಕೂರಬಾರದೆಂದು ತೀರ್ಥಹಳ್ಳಿ, ಸಾಗರ, ಹೊಸನಗರದ 17 ಜನ ಸೇರಿ ಶರಾವತಿ ಕಣಿವೆಯ ಒಂದು ವರದಿಯ ಪ್ರಯಾಣ ಮತ್ತು ಊಟವಸತಿಯ ಖರ್ಚಿಗೆ ಹಣ ಕೂಡಿಸಿದ್ದೇವೆ. ವರದಿಯಲ್ಲಿ ಏನು ಬರಬೇಕು, ಯಾರನ್ನು ಮಾತನಾಡಿಸಬೇಕು ಎಂದು ನಾವು ಹೇಳುವುದಿಲ್ಲ ಎಂಬ ಷರತ್ತನ್ನು ನಾವೇ ಬರೆದುಕೊಟ್ಟಿದ್ದೇವೆ.

ಹೊಸದಾಗಿ ಕೊಡಲು ಯೋಚಿಸುವವರು ಮೂರು ತಿಂಗಳು ಹಣ ಕೊಡದೆಯೇ ನೋಡಲಿ, ಆಮೇಲೆ ಒಂದು ವರ್ಷಕ್ಕೆ ಕೊಡಲಿ ಎಂಬುದು ನನ್ನ ಸಲಹೆ. ತಿಂಗಳಿಗೆ 100 ರೂಪಾಯಿಯಾದರೂ ಸಾಕು, ಅದು ನಿಲ್ಲದೆ ಬರುವುದು ಮುಖ್ಯ. ಒಮ್ಮೆ 2,000 ಕೊಟ್ಟು ಮರೆಯುವವರಿಂದ ಸಂಬಳದ ಲೆಕ್ಕ ಹಾಕಲಾಗದು. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಯಾದರೆ ಅದರ ವಾರ್ಷಿಕ ಲೆಕ್ಕಪತ್ರವನ್ನು ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು.

ನಾನು ಜೂನ್ ತಿಂಗಳಲ್ಲಿ ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇನೆ, ಮೊತ್ತವನ್ನು 250ಕ್ಕೆ ಏರಿಸಿದ್ದೇನೆ. ಜೊತೆಗೆ ಕಳಿಸಿದ ಪತ್ರದಲ್ಲಿ ಕೇಳಿದ್ದು ಮೂರು: ನಿಂತುಹೋದ ವಂತಿಗೆಗಳನ್ನು ವಿಚಾರಿಸಲು ಒಬ್ಬರನ್ನು ಇಡುತ್ತೀರಾ, ದೊಡ್ಡ ದೇಣಿಗೆಗಳ ಸಾಲನ್ನು ಲೆಕ್ಕದಲ್ಲಿ ಸೇರಿಸುತ್ತೀರಾ, ಜಿಲ್ಲೆಗಳಿಗೆಂದು ಪಾಲು ಎತ್ತಿಡುತ್ತೀರಾ. ಮೊದಲನೆಯದಕ್ಕೆ ಒಪ್ಪಿ ಅರ್ಧ ದಿನದ ಕೆಲಸಕ್ಕೆ ಒಬ್ಬರನ್ನು ತೆಗೆದುಕೊಂಡಿದ್ದಾರೆ. ಎರಡನೆಯದು ಮುಂದಿನ ಪಟ್ಟಿಯಿಂದ ಬರುತ್ತದೆ ಎಂದಿದ್ದಾರೆ. ಮೂರನೆಯದನ್ನು ಶಿವಮೊಗ್ಗದಲ್ಲಿ ನಡೆಯುವ ಸದಸ್ಯರ ಸಭೆಯ ಮುಂದೆ ಇಡುತ್ತಾರಂತೆ. ಸಭೆ ಮಳೆ ಬಿಟ್ಟ ಮೇಲೆ, ಅಡಿಕೆಯ ಕೊನೆಕೊಯ್ಲು ಆರಂಭವಾಗುವ ಮುಂಚೆ ಇರಲಿ ಎಂದು ನಾವು ಕೇಳಿಕೊಂಡಿದ್ದೇವೆ.